ಒತ್ತಕ್ಷರ ಕಟ್ಟಿದ ಜಗಲಿ

ಮೂರನೆಯ ಬಡಗಿ ಗರಗಸ ಎತ್ತಿಕೊಂಡು ಹೊರಟುಹೋದದ್ದು ಒಂದು ಒತ್ತಿನ ದೆಸೆಯಿಂದ.

ಹಲಗೆ ಯಾವ ಕಡೆಗೆ ಬರಬೇಕೆಂದು ತನ್ನ ಗುರುತಿಗೆ ಅವನು ಸೀಸದಕಡ್ಡಿಯಲ್ಲಿ ‘ಎಡಕೆ’ ಎಂದು ಬರೆದುಕೊಂಡಿದ್ದ. ಮನೆಯ ಯಜಮಾನ ಅದನ್ನು ನೋಡಿದ. ನೋಡಿಯೂ ನೋಡದವನಂತೆ ಒಳಗೆ ಹೋಗಿ ನೀರು ಕುಡಿದ. ಮತ್ತೆ ಹೊರಗೆ ಬಂದು, ಜೇಬಿನಿಂದ ಕೆಂಪು ಪೆನ್ನು ತೆಗೆದು, ಬಗ್ಗಿ, ‘ಕೆ’ಯ ಕೆಳಗೆ ಒಂದು ಒತ್ತು ಕೊಟ್ಟ.

ಬಡಗಿ ಆ ಕೆಂಪು ಗುರುತನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದ. “ಒತ್ತು ನೀವೇ ಕೊಟ್ರಲ್ಲ ಸ್ವಾಮಿ, ಹಲಗೆನೂ ನೀವೇ ಹೊಡ್ಕೊಳ್ಳಿ,” ಎಂದು ಹೇಳಿ ಗೇಟು ದಾಟಿದ.

ಈ ಯಜಮಾನ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದೇ ಅವನ ಅನ್ನ. ಅಚ್ಚುಕೂಟದವರು ಅವನಿಗೆ ಒತ್ತಕ್ಷರ ಎಂದು ಹೆಸರಿಟ್ಟಿದ್ದರು. ಹೆಸರು ಅವನಿಗಿಂತ ಮೊದಲೇ ಅವನ ಬೀದಿಗೂ ಬಂದು ಮನೆಮಾಡಿತ್ತು. ಆಳೂ ಹಾಗೆಯೇ ಇದ್ದ. ಸಣ್ಣ ದೇಹ, ಬಾಗಿದ ಬೆನ್ನು, ಯಾವಾಗಲೂ ಇನ್ಯಾರದೋ ಭಾರದ ಕೆಳಗೆ ನಿಂತವನ ಭಂಗಿ. ಮೊದಲನೆಯ ಬಡಗಿಯನ್ನು ಅವನು ಹಲಗೆಗಳ ನಡುವಿನ ಸಂದು ಒಂದೇ ಸಮ ಇಲ್ಲವೆಂದು ಓಡಿಸಿದ್ದ. ಎರಡನೆಯವನನ್ನು ಮೊಳೆಗಳು ಸಾಲು ತಪ್ಪಿವೆಯೆಂದು.

ಆದರೆ ಅದು ತಮಾಷೆಯ ಕೆಲಸವಾಗಿರಲಿಲ್ಲ. ಮನೆಯ ಹಿಂಭಾಗದಲ್ಲಿ, ಅಮ್ಮನ ಕೋಣೆಯ ಬಾಗಿಲಾಚೆ, ನೆಲ ಇಳಿಜಾರಾಗುವ ಕಡೆ ಕಂಬಗಳ ಮೇಲೆ ಎದ್ದು ನಿಂತಿದ್ದ ಹಳೆಯ ಮರದ ಜಗಲಿ ಅದು. ಸೊಂಟ ಮುರಿದ ಮೇಲೆ ಅಮ್ಮನಿಗೆ ಗಾಲಿಕುರ್ಚಿಯೇ ಕಾಲು. ಮುಂಬಾಗಿಲಿಗೆ ಮೆಟ್ಟಿಲುಗಳಿದ್ದವು, ಜಗಲಿಗೆ ಮಾತ್ರ ಹೊಸಿಲೇ ಇಲ್ಲದಂತೆ ಉರುಳಿಕೊಂಡು ಬರಬಹುದಿತ್ತು. ಬೆಳಗಾದರೆ ಅಮ್ಮ ಅಲ್ಲಿ ಹಾಜರು. ಕೆಳಗಿನ ಓಣಿಯಲ್ಲಿ ಹೋಗುವವರಲ್ಲಿ ಒಬ್ಬರೂ ಅವಳಿಗೆ ಸುಂಕ ಕಟ್ಟದೆ ದಾಟುವಂತಿರಲಿಲ್ಲ. ಯಾರಿಗೆ ನೆಗಡಿ, ಯಾರ ಮಗಳು ಪಾಸು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಎಲ್ಲ ಸುದ್ದಿಯೂ ಅಲ್ಲಿ ಸಂದಾಯವಾಗಬೇಕು. ಒಂದು ದಿನ ಕುರ್ಚಿಯ ಗಾಲಿ ಹಲಗೆಯೊಂದನ್ನು ಮುರಿದು ಅರ್ಧಕ್ಕೆ ಇಳಿಯಿತು. ಅಮ್ಮನಿಗೆ ಏನೂ ಆಗಲಿಲ್ಲ. ಆದರೆ ಸೊಸೆ ಹೆದರಿ ಆ ಬಾಗಿಲಿಗೆ ಬೀಗ ಜಡಿದಳು.

ಅಂದಿನಿಂದ ಅಮ್ಮ ಕಿಟಕಿಯ ಹಿಂದೆ. ಓಣಿಯವರು ಮೊದಮೊದಲು ಕೈ ಬೀಸುತ್ತಿದ್ದರು, ಆಮೇಲೆ ಅದೂ ನಿಂತಿತು. ಹಿಂದಿನ ಓಣಿಯಲ್ಲಿ ನಿಂತು ಹರಟುವುದು ಸುಲಭ. ಅದಕ್ಕಾಗಿ ಬೀದಿ ಸುತ್ತಿ, ಮುಂಬಾಗಿಲ ಗಂಟೆ ಒತ್ತಿ, ಚಪ್ಪಲಿ ಬಿಟ್ಟು ಒಳಗೆ ಬರುವವರು ಯಾರು? ಅಮ್ಮ ದೂರಲಿಲ್ಲ. ಅವಳ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಅಷ್ಟೆ. “ಇವತ್ತು ಹೇಗಿದೀಯಮ್ಮ?” ಎಂದು ಮಗ ಕೇಳಿದರೆ “ನಿನ್ನೆ ಹೇಗಿದ್ನೋ ಹಾಗೇ,” ಎನ್ನುತ್ತಿದ್ದಳು. ಆ ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅದೇ ಅವನಿಗೆ ಸಂಕಟ.

ಮಾರನೆಯ ದಿನ ಅವನು ರಜೆ ಹಾಕಿದ. ಹಲಗೆ, ಮೊಳೆ ಎಲ್ಲ ಅಂಗಳದಲ್ಲಿ ಬಿದ್ದೇ ಇದ್ದವು. ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುತ್ತ ಬಾಗಿಲಲ್ಲಿ ತಿರುಗಿ ನಿಂತಳು.

“ಸಾಯಂಕಾಲ ನಾನು ಬರೋ ಹೊತ್ತಿಗೆ ಅಲ್ಲಿ ಜಗಲಿ ಇರಬೇಕು, ಇಲ್ಲ ಬಡಗಿ ಇರಬೇಕು. ಎರಡೂ ಇಲ್ಲದೆ ನಿಮ್ಮ ಮುಖ ಮಾತ್ರ ಇರಬಾರದು.”

“ಮುರಿದಿರೋದು ಒಂದೇ ಹಲಗೆ ಕಣೆ. ತೆಗೆಯೋದು, ಹಾಕೋದು.”

“ಹಾಗಂತ ನಾನೂ ಮದುವೆಗೆ ಮುಂಚೆ ಅಂದ್ಕೊಂಡಿದ್ದೆ, ಒಬ್ಬನೇ ಗಂಡ ಅಲ್ವಾ ಅಂತ,” ಎಂದು ಅವಳು ಹೊರಟುಹೋದಳು.

ಮುರಿದ ಹಲಗೆ ಸುಲಭವಾಗಿಯೇ ಬಂತು. ಬರುವಾಗ ಪಕ್ಕದ ಹಲಗೆಯ ಅಂಚನ್ನು ಕಿತ್ತುಕೊಂಡು ಬಂತು. ಪಕ್ಕದ್ದನ್ನು ತೆಗೆದರೆ ಅದರ ಹೊಟ್ಟೆಯೆಲ್ಲ ಗೆದ್ದಲು. ಅದರ ನೆರೆಯದ್ದು ಮುಟ್ಟಿದರೆ ಪುಡಿ. ಕರಡಿನಲ್ಲಿ ಒಂದು ತಪ್ಪು ಕಂಡರೆ ಆ ಪುಟದಲ್ಲಿ ಇನ್ನೂ ಹತ್ತು ಇರುತ್ತವೆಂದು ಬಲ್ಲ ಮನುಷ್ಯನಿಗೆ ಕೈ ತಡೆಯಲಾಗಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಜಗಲಿಯೆಂಬುದೇ ಇರಲಿಲ್ಲ. ಕಂಬಗಳೂ ಅವುಗಳ ಮೇಲಿನ ತೊಲೆಯೂ ಮಾತ್ರ ಬೋಳುಹಣೆಯಲ್ಲಿ ನಿಂತಿದ್ದವು. ಅಮ್ಮನ ಕೋಣೆಯ ಬಾಗಿಲು ಗಾಳಿಗೆ ಮುಖಮಾಡಿ ನೇತಾಡುವಂತೆ ಕಾಣುತ್ತಿತ್ತು.

“ಏನ್ ಒತ್ತಕ್ಷರ, ಮನೆ ಖಾಲಿ ಮಾಡ್ತಿದೀರಾ?”

ಓಣಿಯಲ್ಲಿ ನಿಂತಿದ್ದವನು ಡ್ರೈವರಣ್ಣ. ಬಸ್ಸು ಓಡಿಸಿ ನಿವೃತ್ತನಾದವನು. ಸ್ಟೀರಿಂಗ್ ಕೈಬಿಟ್ಟಿದ್ದರೂ ದಾರಿ ತೋರಿಸುವ ಚಟ ಬಿಟ್ಟಿರಲಿಲ್ಲ. ಉತ್ತರಕ್ಕೆ ಕಾಯದೆ ಗೇಟು ತೆಗೆದು ಒಳಗೆ ಬಂದು, ಮುಖ್ಯ ಅಡ್ಡತೊಲೆಗೆ ಒಂದು ಉಗುರು ಊರಿದ. ಉಗುರು ಒಳಗೆ ಹೋಯಿತು.

“ಇದು ತೊಲೆಯಲ್ಲ, ಬ್ರೆಡ್ಡು. ನಮ್ಮ ಶೆಡ್ಡಲ್ಲಿ ಒಂದು ಹಳೇ ತೊಲೆ ಇದೆ, ಕಬ್ಬಿಣದಂಥದ್ದು. ಬನ್ನಿ ತರೋಣ.”

ಅಷ್ಟರಲ್ಲಿ ಎದುರುಮನೆಯ ಹಲ್ಲಿನ ಡಾಕ್ಟರಮ್ಮ ಬಂದರು. ಅವರ ದವಾಖಾನೆ ತೆರೆಯುವುದು ಸಂಜೆ. ಹಗಲೆಲ್ಲ ಅವರ ಕೈ ತುರಿಸುತ್ತಿರುತ್ತದೆ. ಒತ್ತಕ್ಷರ ಕಂಬದಲ್ಲಿ ಉಳಿದ ಮೊಳೆಯೊಂದನ್ನು ಸುತ್ತಿಗೆಯ ಬಾಲದಿಂದ ಎಳೆಯುತ್ತಿರುವುದನ್ನು ನೋಡಲಾರದೆ ಅವರು ಕಣ್ಣು ಮುಚ್ಚಿಕೊಂಡರು.

“ಹಾಗೆ ಎಳೀಬೇಡಿ! ಬೇರು ಒಳಗೇ ಮುರಿದುಹೋಗುತ್ತೆ. ಮೊದಲು ಸ್ವಲ್ಪ ಅಲ್ಲಾಡಿಸಿ ಸಡಿಲ ಮಾಡ್ಬೇಕು. ಕೊಡಿ ಇಲ್ಲಿ.” ಅವರು ಮೊಳೆಯನ್ನು ಹಿಡಿದು, “ಸ್ವಲ್ಪ ನೋವಾಗುತ್ತೆ,” ಎಂದು ಕಂಬಕ್ಕೆ ಅಭ್ಯಾಸಬಲದಿಂದ ಹೇಳಿ, ಕಿತ್ತರು.

ಮೂರನೆಯವನಾಗಿ ಬಂದವನು ಪಕ್ಕದ ಮನೆಯ ಟೈಲರ್. ಅವನನ್ನು ಯಾರೂ ಕರೆಯಲಿಲ್ಲ. ಅಳತೆಯ ಮಾತು ಕಿವಿಗೆ ಬಿತ್ತು, ಟೇಪು ಕೊರಳಲ್ಲಿತ್ತು, ಬಂದ.

ಒತ್ತಕ್ಷರನಿಗೆ ಇವರಲ್ಲಿ ಯಾರೂ ಬೇಡವಾಗಿತ್ತು. ಹಾಗೆಂದು ಹೇಳಲು ಬಾಯಿ ತೆರೆದ. ಆದರೆ ಹಿಂದಿನಿಂದ ಕಿಟಕಿಯ ಚಿಲಕ ತೆಗೆದ ಸದ್ದು ಬಂತು. ಅಮ್ಮ ಕಿಟಕಿಯ ಬಾಗಿಲನ್ನು ಒಂದಿಷ್ಟು ತೆರೆದಿದ್ದಳು.

“ಡ್ರೈವರಪ್ಪ, ನಿನ್ನ ಮಂಡಿ ನೋವು ಹೇಗಿದೆ?”

“ಹಾಗೇ ಇದೆ ಅಮ್ಮ. ಮೆಟ್ಟಿಲು ಕಂಡ್ರೆ ಬ್ರೇಕ್ ಹಿಡ್ಕೊಳ್ಳುತ್ತೆ.”

ತೊಲೆ ತರುವ ಕೆಲಸ ಗಂಭೀರವಾಗಿ ಶುರುವಾಯಿತು. ಮುಂದಿನ ತುದಿ ಟೈಲರನ ಹೆಗಲ ಮೇಲೆ, ಹಿಂದಿನ ತುದಿ ಒತ್ತಕ್ಷರನ ಹೆಗಲ ಮೇಲೆ. ಡ್ರೈವರಣ್ಣ ಹೊರಲಿಲ್ಲ, ಯಾರಾದರೂ ದಾರಿ ನೋಡಬೇಕಲ್ಲ. ಓಣಿ ಕಿರಿದು, ತೊಲೆ ಉದ್ದ, ಆದ್ದರಿಂದ ಹಿಮ್ಮುಖವಾಗಿ ಒಳಗೆ ತರಬೇಕೆಂದು ಅವನು ತೀರ್ಮಾನ ಕೊಟ್ಟ.

“ಬರ್ಲಿ… ಬರ್ಲಿ… ಸ್ವಲ್ಪ ಎಡಕ್ಕೆ ಹೊಡೀರಿ… ಬರ್ಲಿ… ಇನ್ನೂ ಜಾಗ ಇದೆ, ಬರ್ಲಿ…”

ಝಣ್ ಎಂದು ಅಡುಗೆಮನೆಯ ಕಿಟಕಿಯ ಗಾಜು ಒಳಗೆ ಬಿತ್ತು.

“ಹೋಲ್ಡಾನ್!” ಎಂದ ಡ್ರೈವರಣ್ಣ. “ಗಾಜು ನಿಮ್ಮದೇ, ಪಕ್ಕದವರದ್ದಲ್ಲ. ಪುಣ್ಯ ಮಾಡಿದ್ರಿ,” ಎಂದು ಅವನೇ ಸಮಾಧಾನ ಹೇಳಿದ.

ಹೇಗೋ ತೊಲೆ ಕಂಬಗಳ ಮೇಲೆ ಕೂತಿತು. ಹಲಗೆಗಳ ಅಳತೆಯನ್ನು ಟೈಲರ್ ವಹಿಸಿಕೊಂಡ. ಬಳಪದ ಗೆರೆ ಎಳೆಯುವುದರಲ್ಲಿ ಅವನಿಗೆ ಸಾಟಿಯಿಲ್ಲ. ಒತ್ತಕ್ಷರ ನಾಲಿಗೆ ಕಚ್ಚಿಕೊಂಡು ಗರಗಸ ಎಳೆದ. ಹಲಗೆಗಳನ್ನು ಇಟ್ಟು ನೋಡಿದರೆ ಪ್ರತಿಯೊಂದೂ ನಾಲ್ಕು ಬೆರಳು ಹೆಚ್ಚು ಉದ್ದ.

“ಇದೇನ್ರೀ?”

“ಹೊಲಿಗೆಗೆ ಬಿಟ್ಟಿದೀನಿ,” ಎಂದ ಟೈಲರ್.

“ಹಲಗೆಗೆ ಎಂಥಾ ಹೊಲಿಗೆ ಮಾರಾಯ್ರೆ!”

“ಬಿಟ್ಟಿರೋದು ಒಳ್ಳೇದೇ ಆಯ್ತಲ್ಲ? ಉದ್ದ ಆದ್ರೆ ಮಡಚ್ಬಹುದು, ಗಿಡ್ಡ ಆದ್ರೆ ಏನ್ ಮಾಡ್ತೀರಿ?”

ಕಿಟಕಿಯಿಂದ ಒಂದು ಸಣ್ಣ ಸದ್ದು ಕೇಳಿತು, ಕೆಮ್ಮಿನಂಥದ್ದು. ಒತ್ತಕ್ಷರ ತಿರುಗಿ ನೋಡಿದ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇರೆಲ್ಲೋ ನೋಡುತ್ತಿದ್ದಳು. ಕಿಟಕಿ ಈಗ ಪೂರ್ತಿ ತೆರೆದಿತ್ತು.

ಮತ್ತೆ ಕೊಯ್ದದ್ದಾಯಿತು. ಹೆಬ್ಬೆರಳಿಗೆ ಸುತ್ತಿಗೆ ಬಿದ್ದದ್ದಾಯಿತು. ಡಾಕ್ಟರಮ್ಮ ಬೆರಳು ನೋಡಿ, “ಉಗುರು ನನ್ನ ಇಲಾಖೆ ಅಲ್ಲ,” ಎಂದರು. ಆದರೂ ಬಟ್ಟೆ ಸುತ್ತಿದರು. ಅಮ್ಮ ಒಳಗಿನಿಂದ ತಣ್ಣೀರು ಕೊಡಿ ಎಂದಳು, ಅದು ಬೇಡ ಬಿಸಿನೀರು ಎಂದು ಡ್ರೈವರಣ್ಣ, ಯಾವುದೂ ಬೇಡ ಮೇಲೆತ್ತಿ ಹಿಡೀರಿ ಎಂದು ಟೈಲರ್. ಒತ್ತಕ್ಷರ ಹೆಬ್ಬೆರಳನ್ನು ಮೇಲೆತ್ತಿ ಹಿಡಿದು ನಿಂತದ್ದನ್ನು ಓಣಿಯಲ್ಲಿ ಹೋಗುತ್ತಿದ್ದ ಹಾಲಿನವನು ನೋಡಿ, ಎಲ್ಲ ಸರಿಯಾಗಿದೆ ಎಂಬ ಸನ್ನೆಯೆಂದು ತಿಳಿದು, ತಾನೂ ಹೆಬ್ಬೆರಳೆತ್ತಿ ತೋರಿಸಿ ಹೋದ.

ಹಲಗೆ ಬಡಿಯುವಾಗ ತೊಲೆ ಕಂಬದ ಮೇಲೆ ಒಂದಿಷ್ಟು ಆಡುತ್ತಿತ್ತು. ಕೆಳಗಿನಿಂದ ಬೆಣೆ ಕೊಡಬೇಕು. ಬೇರೆ ಯಾರ ಕೈಗೂ ಅದನ್ನು ಒಪ್ಪಿಸಲು ಮನಸ್ಸಿಲ್ಲದೆ ಒತ್ತಕ್ಷರ ತಾನೇ ಜಗಲಿಯ ಅಡಿಗೆ ತೂರಿ, ಮಲಗಿ, ಒಂದೊಂದೇ ಬೆಣೆಯನ್ನು ಒಪ್ಪವಾಗಿ ಸಿಕ್ಕಿಸತೊಡಗಿದ. ಅವನಿಗೆ ಆ ಕೆಲಸ ಹಿಡಿಸಿತು. ತಪ್ಪು ಎಲ್ಲಿದೆಯೆಂದು ಕಾಣುವುದು ಯಾವಾಗಲೂ ಕೆಳಗಿನಿಂದಲೇ ಎಂದು ಅವನಿಗೆ ಅನ್ನಿಸಿತು. ಮೇಲೆ ಸುತ್ತಿಗೆಗಳು ಮೊಳಗುತ್ತಿದ್ದವು. ಡ್ರೈವರಣ್ಣ ಅಷ್ಟಕ್ಕೇ ನಿಲ್ಲದೆ ಜಗಲಿಯಡಿಯ ಬದಿಗಳಿಗೂ ಹಲಗೆ ಬಡಿಸಿದ, ನಾಯಿ ನುಗ್ಗಬಾರದಲ್ಲ.

ಬೆಣೆ ಮುಗಿಸಿ ಒತ್ತಕ್ಷರ ಹೊರಳಿದಾಗ ಹೊರಗೆ ಹೋಗುವ ದಾರಿ ಇರಲಿಲ್ಲ.

“ರೀ,” ಎಂದ. ಮೇಲೆ ಯಾರೂ ಇರಲಿಲ್ಲ. ಕೆಲಸ ಮುಗಿಯಿತೆಂದು ಮೂವರೂ ಅಡುಗೆಮನೆಗೆ ಹೋಗಿ ಅವನದೇ ಚಹಾಪುಡಿ ಹುಡುಕುತ್ತಿದ್ದರು. ಒಡೆದ ಕಿಟಕಿಯಿಂದ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಒತ್ತಕ್ಷರ ಎಲ್ಲಿ?” ಎಂದು ಡಾಕ್ಟರಮ್ಮ.

“ಮೊಳೆ ತರೋಕೆ ಹೋಗಿರ್ಬೇಕು,” ಎಂದು ಟೈಲರ್.

“ಈ ಮನುಷ್ಯ ಯಾವಾಗ್ಲೂ ಹಾಗೇ. ಕೆಲಸದ ಹೊತ್ತಲ್ಲಿ ಮಾಯ,” ಎಂದು ಡ್ರೈವರಣ್ಣ.

ಒತ್ತಕ್ಷರ ಹಲಗೆಗೆ ಕೈಯಿಂದ ಬಡಿದ. ಕೂಗಿದ. ಸಂದುಗಳಿಂದ ಬೆಳಕು ಗೆರೆಗೆರೆಯಾಗಿ ಅವನ ಮೇಲೆ ಬಿದ್ದಿತ್ತು. ಗೆರೆ ಹಾಕಿದ ಹಾಳೆಯ ಮೇಲೆ ಯಾರೋ ಬರೆದು ಮರೆತ ಪದದಂತೆ ಅವನು ಮಲಗಿದ್ದ. ಇರುವೆಯೊಂದು ಕಿವಿಯ ಕಡೆಗೆ ದಾರಿ ಹಿಡಿದಿತ್ತು. ಹೆಬ್ಬೆರಳು ಮಿಡಿಯುತ್ತಿತ್ತು. ಹೆಂಡತಿ ಬಂದಾಗ ಜಗಲಿ ಇರುತ್ತದೆ, ತಾನು ಇರುವುದಿಲ್ಲ ಎಂದು ಅವನು ಯೋಚಿಸಿದ. ಅವಳು ಕೇಳಿದ್ದಕ್ಕೆ ಸರಿಯಾಗಿಯೇ ಇತ್ತು ಅದು.

ಆಗ ಅಮ್ಮನ ಗಂಟಲು ಕೇಳಿತು. ಬಹಳ ದಿನಗಳಿಂದ ಅವನು ಕೇಳದಿದ್ದ ಗಂಟಲು. ಓಣಿಯ ಆ ತುದಿಯವರನ್ನು ಈ ತುದಿಯಿಂದ ನಿಲ್ಲಿಸುತ್ತಿದ್ದ ಗಂಟಲು.

“ಲೇ ಡ್ರೈವರಪ್ಪ! ಟೈಲರ್! ಎಲ್ಲಾ ಬನ್ರೋ ಇಲ್ಲಿ! ನನ್ನ ಮಗನ್ನ ಒಳಗಿಟ್ಟು ಮೊಳೆ ಹೊಡ್ದಿದೀರಲ್ರೋ!”

ಓಡಿ ಬಂದ ಹೆಜ್ಜೆಗಳು ಅವನ ಮೂಗಿನ ಮೇಲೆಯೇ ನಿಂತವು. ಸಂದಿನಲ್ಲಿ ಡ್ರೈವರಣ್ಣನ ಒಂದು ಕಣ್ಣು ಕಾಣಿಸಿತು.

“ಅಲ್ಲೇನ್ ಮಾಡ್ತಿದೀರಿ?”

“ಏನ್ ಮಾಡ್ಲಿ ಹೇಳಿ,” ಎಂದ ಒತ್ತಕ್ಷರ.

“ಅಕ್ಷರದ ಕೆಳಗೆ ತಾನೇ ಒತ್ತು ಇರ್ಬೇಕಾದ್ದು,” ಎಂದಳು ಅಮ್ಮ ಕಿಟಕಿಯಿಂದ. “ಸರಿಯಾದ ಜಾಗದಲ್ಲೇ ಇದಾನೆ ಬಿಡಿ.”

ಹೇಳಿ ಅಮ್ಮ ನಕ್ಕಳು. ಮೊದಲು ತಡೆದು ತಡೆದು, ಆಮೇಲೆ ತಡೆಯಲಾಗದೆ, ಕುರ್ಚಿಯ ಗಾಲಿಗಳು ಕಿರುಗುಟ್ಟುವಷ್ಟು. ಮೇಲಿನವರೂ ನಕ್ಕರು. ಕೆಳಗೆ, ಕತ್ತಲಿನಲ್ಲಿ, ಒತ್ತಕ್ಷರ ಇರುವೆಯನ್ನು ಮರೆತು ಆ ನಗು ಕೇಳುತ್ತ ಮಲಗಿದ. ನಗು ನಿಲ್ಲುವವರೆಗೆ ಬಿಡಿಸಿ ಎಂದು ಅವನು ಕೂಗಲಿಲ್ಲ.

ಬಿಡಿಸುವ ಕೆಲಸವನ್ನು ಡಾಕ್ಟರಮ್ಮ ತೆಗೆದುಕೊಂಡರು. ಬಾಗಿಲಿಗೆ ಹತ್ತಿರದ ಹಲಗೆಯ ಮೊಳೆಗಳನ್ನು ಒಂದೊಂದಾಗಿ ಸಡಿಲಿಸಿ ಕಿತ್ತು, “ಈಗ ನಿಧಾನವಾಗಿ ಬಾಯಿ… ಅಲ್ಲ, ತಲೆ ಹೊರಗೆ ಹಾಕಿ,” ಎಂದರು. ಒತ್ತಕ್ಷರ ಮಣ್ಣು, ಜೇಡರಬಲೆ, ಮರದ ಹೊಟ್ಟು ಮೆತ್ತಿಕೊಂಡು ಎದ್ದು ಬಂದ. ಕಿತ್ತ ಹಲಗೆಗೆ ಟೈಲರ್ ಕೈ ಹಾಕಲು ಹೋದ.

“ಯಾರೂ ಮುಟ್ಟಬೇಡಿ.”

ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಆ ಬೀದಿ ಕೇಳಿರಲಿಲ್ಲ. ಎಲ್ಲರೂ ಹಿಂದೆ ಸರಿದರು. ಆ ಒಂದು ಹಲಗೆಯನ್ನು ಅವನು ಒಬ್ಬನೇ ಕೂಡಿಸಿದ. ದಾರ ಹಿಡಿದು ನೋಡಿದ, ಮಟ್ಟಗೋಲು ಇಟ್ಟು ನೋಡಿದ, ಕೆನ್ನೆಯನ್ನು ಮರಕ್ಕೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದ. ಎರಡೂ ಕಡೆಯ ಸಂದಿನಲ್ಲಿ ಒಂದೇ ಮೊಳೆಯನ್ನು ಉದ್ದಕ್ಕೂ ಓಡಿಸಿದ; ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಸಡಿಲಾಗಲಿಲ್ಲ. ಊದಿದ ಹೆಬ್ಬೆರಳಿನಲ್ಲೇ ಮೊಳೆ ಹಿಡಿದು ಹೊಡೆದ. ಮಿಕ್ಕ ಹಲಗೆಗಳು ಹೇಗೋ ಇರಲಿ, ಈ ಒಂದು ಸಾಲಿನಲ್ಲಿ ಮಾತ್ರ ತಪ್ಪಿರಲಿಲ್ಲ. ಇಪ್ಪತ್ತು ವರ್ಷ ಬೇರೆಯವರ ತಪ್ಪು ತಿದ್ದಿದವನು ಮೊದಲ ಬಾರಿಗೆ ತಪ್ಪಿಲ್ಲದ್ದೊಂದನ್ನು ತಾನೇ ಮಾಡಿದ್ದ. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಹೊತ್ತು ಇಳಿಯುವ ವೇಳೆಗೆ ಹೆಂಡತಿ ಬಂದಳು. ಅಡುಗೆಮನೆಯ ಕಿಟಕಿ ನೋಡಿದಳು, ಗಂಡನ ತಲೆಯ ಮೇಲಿನ ಜೇಡರಬಲೆ ನೋಡಿದಳು, ಹೊಸ ಜಗಲಿಯನ್ನು ನೋಡಿದಳು. ಹೋಗಿ ಅಮ್ಮನ ಬಾಗಿಲಿನ ಬೀಗ ತೆಗೆದಳು.

ಡ್ರೈವರಣ್ಣ ಮೊದಲು ತಾನೇ ಹತ್ತಿ ಕುಪ್ಪಳಿಸಿ ನೋಡಿದ, ಮಂಡಿ ನೋವನ್ನು ಮರೆತು. ಜಗಲಿ ಅಲ್ಲಾಡಲಿಲ್ಲ. ಟೈಲರ್ ಹತ್ತಿದ, ಡಾಕ್ಟರಮ್ಮ ಹತ್ತಿದರು. ಆಮೇಲೆ ಒತ್ತಕ್ಷರ ಕುರ್ಚಿಯನ್ನು ತಳ್ಳಿಕೊಂಡು ಬಂದ. ಗಾಲಿಗಳು ಹಲಗೆಯಿಂದ ಹಲಗೆಗೆ ಮೃದುವಾಗಿ ದಾಟಿದವು. ಅಮ್ಮ ಅಂಚಿನವರೆಗೆ ಹೋಗಿ ಓಣಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು.

“ಚೆನ್ನಾಗಿದೆ,” ಎಂದಳು ಅಮ್ಮ.

“ಮತ್ತೆ! ಯಾರ ಕೈಗುಣ?” ಎಂದ ಡ್ರೈವರಣ್ಣ.

“ಎಲ್ಲಾ ಮುಗೀತಲ್ಲ? ಇನ್ನೇನೂ ಕೆಲಸ ಉಳಿದಿಲ್ವಾ?”

“ಏನೂ ಇಲ್ಲಮ್ಮ. ಇನ್ನು ಹೊರಡ್ತೀವಿ,” ಎಂದು ಟೈಲರ್ ಟೇಪು ಸುತ್ತಿದ. ಡಾಕ್ಟರಮ್ಮ ದವಾಖಾನೆಯ ಬೀಗದಕೈ ತೆಗೆದರು. ಡ್ರೈವರಣ್ಣ ಗೇಟಿನ ಕಡೆ ತಿರುಗಿದ.

ಅಮ್ಮ ಕುರ್ಚಿಯನ್ನು ತಾನೇ ಹಿಂದಕ್ಕೆ ತಿರುಗಿಸಿಕೊಂಡಳು. ಬಾಗಿಲ ಬಳಿ ಅದನ್ನು ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

“ಈ ಹಲಗೆ ಸೊಟ್ಟಗಿದೆ.”

ಅದು ಒತ್ತಕ್ಷರನದೇ ಹಲಗೆ.

ಟೈಲರ್ ಮಂಡಿಯೂರಿ ಟೇಪು ಬಿಚ್ಚಿ ಅಳೆದ. ತಲೆಯೆತ್ತಿ ಅಮ್ಮನ ಮುಖ ನೋಡಿದ. ಮತ್ತೆ ಅಳೆದ. “ಒಂದು ನೂಲು… ಹೌದು, ಸೊಟ್ಟವೇ,” ಎಂದ.

“ಬೇರು ಸಮೇತ ತೆಗೀಬೇಕಾಗುತ್ತೆ,” ಎಂದರು ಡಾಕ್ಟರಮ್ಮ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ.

“ಒಂದನ್ನ ತೆಗೆದ್ರೆ ಪಕ್ಕದ್ದು ಬಿಗಿ ತಪ್ಪುತ್ತೆ. ಪಕ್ಕದ್ದು ತೆಗೆದ್ರೆ ಅದರ ಪಕ್ಕದ್ದು,” ಎಂದ ಡ್ರೈವರಣ್ಣ ಉತ್ಸಾಹದಿಂದ. “ಇಡೀ ರೂಟೇ ಬದಲಾಯಿಸ್ಬೇಕು ಅಮ್ಮ.”

ಒತ್ತಕ್ಷರ ಮೊಣಕಾಲೂರಿದ. ಕೆನ್ನೆಯನ್ನು ಮರಕ್ಕೆ ತಾಗಿಸಿದ. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಹಲಗೆ ಬಾಣದಂತೆ ನೇರವಾಗಿತ್ತು. ಅವನು ಹಾಗೇ ತಲೆಯೆತ್ತಿದ. ಅಮ್ಮ ಅವನನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ತಪ್ಪು ಹುಡುಕುವವರ ಹರಿತ ಇರಲಿಲ್ಲ. ನೆಂಟರು ಎದ್ದು ಹೊರಡುವಾಗ ಇನ್ನೊಂದು ಗಳಿಗೆ ಇರಿ ಎನ್ನಲು ನೆವ ಸಿಗದವರ ಕಣ್ಣು ಅದು.

ಹೆಂಡತಿಗೆ ತಡೆಯಲಾಗಲಿಲ್ಲ. “ಏನ್ರೀ, ನಿಜವಾಗ್ಲೂ ಸೊಟ್ಟಗಿದೆಯಾ? ನನಗೆ ನೆಟ್ಟಗೇ ಕಾಣ್ತಿದೆಯಲ್ಲ!”

ಜೀವಮಾನದಲ್ಲಿ ಒತ್ತಕ್ಷರ ಸರಿಯಾದದ್ದನ್ನು ತಪ್ಪು ಎಂದವನಲ್ಲ.

“ಸೊಟ್ಟಗಿದೆ ಕಣೆ,” ಎಂದ. “ಬಹಳ ಸೊಟ್ಟಗಿದೆ.”

“ಹಾಗಾದ್ರೆ ಬೆಳಿಗ್ಗೆನೇ ಬಂದ್ಬಿಡಿ ಎಲ್ಲಾರೂ,” ಎಂದಳು ಅಮ್ಮ ಚುರುಕಾಗಿ. “ತಡ ಮಾಡ್ಬೇಡಿ, ನಾನು ಏಳೋದು ಬೇಗ. ಲೇ ಟೈಲರ್, ನಿನ್ನ ಹೆಂಡ್ತೀನೂ ಕರ್ಕೊಂಡ್ ಬಾ, ಅವಳನ್ನ ನೋಡಿ ಎಷ್ಟು ದಿನ ಆಯ್ತು. ಇವತ್ತು ನನಗೆ ಹಸಿವು ಬೇರೆ ಆಗ್ತಿದೆ.”

ಸೊಸೆ ಒಂದು ಸಲ ಅತ್ತೆಯನ್ನು, ಒಂದು ಸಲ ಗಂಡನನ್ನು ನೋಡಿ, ಅನ್ನಕ್ಕಿಡಲು ಒಳಗೆ ಹೋದಳು.

ಎಲ್ಲರೂ ನಾಳೆಯ ಹೊತ್ತು ಗೊತ್ತುಮಾಡಿಕೊಂಡು, ಅದರ ಮೇಲೆ ಮತ್ತಷ್ಟು ಜಗಳವಾಡಿ, ಓಣಿಗಿಳಿದರು. ಒತ್ತಕ್ಷರ ಅಚ್ಚುಕೂಟದ ಮ್ಯಾನೇಜರಿಗೆ ಫೋನು ಮಾಡಿ ಇನ್ನೊಂದು ದಿನದ ರಜೆ ಕೇಳಿದ. ಆ ಕಡೆಯಿಂದ ಬಂದ ಮಾತನ್ನು ಪೂರ್ತಿ ಕೇಳಿಸಿಕೊಂಡು, ಸರಿ ಸಾರ್ ಎಂದು ಇಟ್ಟ. ನಾಳೆಗೆ ಕೆಲಸ ಸ್ವಲ್ಪ ಹಗುರವಾಗಲೆಂದು ಸಲಾಕೆ ತೆಗೆದುಕೊಂಡು ಆ ಹಲಗೆಯ ಮೊದಲ ಮೊಳೆಗೆ ಹಾಕಿ ಎಳೆದ. ಮೊಳೆ ಜಗ್ಗಲಿಲ್ಲ. ಊದಿದ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಕೂತ. ಸ್ವಲ್ಪ ಹೊತ್ತಿನ ಮೇಲೆ, ಎರಡೂ ಕಾಲು ಊರಿ, ಮತ್ತೆ ಎಳೆದ.